ದೊಡ್ಡ ಒಲೆಯ ಬೂದಿ

ಗುರುವಾರ ಮಾರ್ಕು ಹಾಕುವವರು ಬರುತ್ತಾರೆಂಬ ಸುದ್ದಿಯನ್ನು ಸಿದ್ಧಲಿಂಗ ತಂದದ್ದು ಸೋಮವಾರ ಮುಂಜಾನೆ. ದುರಗವ್ವ ಅಂಗಳದಲ್ಲಿ ಕುಳಿತು ಬಾಣಂತಿ ಮಗಳು ಮಹಾಲಕ್ಷ್ಮಿಯ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಅವನು ಮೋಟಾರ್‌ಸೈಕಲ್ ಬಂದ್ ಮಾಡಲಿಲ್ಲ, ಕೆಳಗೂ ಇಳಿಯಲಿಲ್ಲ. ಅದರ ಸದ್ದಿನ ಮೇಲೆ ಕೂಗಿಯೇ ಹೇಳಿದ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಕಾರ್ಖಾನೆಗಳು ಗಾಳಿ, ನೀರು, ನೆಲವನ್ನು ಎಷ್ಟು ಕೆಡಿಸಿವೆ, ಎಷ್ಟು ಕಾಪಾಡಿವೆ ಎಂದು ನೋಡಿ ನೂರಕ್ಕೆ ಇಂತಿಷ್ಟು ಎಂದು ಮಾರ್ಕು ಹಾಕುವ ಒಂದು ಸಂಸ್ಥೆ ಇದೆಯಂತೆ. ಅದರ ಸಾಹೇಬರು ಗರಸಿನ ತಗ್ಗು ನೋಡಲು ಬರುತ್ತಾರಂತೆ. ಅವರ ಮುಂದೆ ದುರಗವ್ವ ಎರಡು ಮಾತು ಆಡಬೇಕಂತೆ.

"ನಿನ್ನ ಹೆಸರುಕಾಳಿನ ಗಡಿಗಿ ತಗೊಂಡ ಬಾ, ದುರಗಕ್ಕ. ಈ ಬೂದಿ ಹಾಕಿಟ್ಟೆ, ಒಂದ ನುಸಿ ಬೀಳಲಿಲ್ಲ ಅಂತ ಹೇಳು, ಸಾಕು. ನಿನ್ನ ಫೋಟೋ ತೆಗೀತಾರ. ನೀ ಹೇಳಿದ್ರ ಕಾರ್ಖಾನಿಗೆ ಮಾರ್ಕು ಏರ್ತಾವ."

ದುರಗವ್ವನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಬೇರೆ ದಿನವಾಗಿದ್ದರೆ, ಗಾಡಿ ಬಂದ್ ಮಾಡಿ ಮಾತಾಡಲೇ, ಮನೆಯಲ್ಲಿ ಎಳೆಯ ಕೂಸಿದೆ ಎಂದು ಅವನ ಮೈಚಳಿ ಬಿಡಿಸುತ್ತಿದ್ದಳು. ಇವತ್ತು ತುಟಿ ಪಿಟಕ್ಕೆನ್ನಲಿಲ್ಲ. ಮಗಳ ನೆತ್ತಿಯ ಮೇಲೆ ಕೈ ಇಟ್ಟವಳು ಹಾಗೆಯೇ ಕುಳಿತಳು. ಸಿದ್ಧಲಿಂಗ ಅದನ್ನೇ ಒಪ್ಪಿಗೆ ಎಂದುಕೊಂಡು ಹೋದ. ಅವನು ಊರವನೇ, ಬೂದಿ ಸಾಗಿಸುವ ಗುತ್ತಿಗೆದಾರನ ಕೈಕೆಳಗೆ ಸೂಪರ್‌ವೈಸರ್. ಕೆಟ್ಟವನೇನಲ್ಲ. ಆದರೆ ಯಾರ ಉಪ್ಪು ತಿನ್ನುತ್ತಾನೋ ಅವರ ಮಾತೇ ಖರೆ ಎಂದು ನಂಬುವ ಜಾತಿ.

ಗರಸಿನ ತಗ್ಗು ಎಂದರೆ ಓಣಿಯ ಹಿತ್ತಿಲಿಗೆ ಹತ್ತಿಕೊಂಡೇ ಇರುವ ಎರಡು ಎಕರೆಯ ಗುಂಡಿ. ಕುಂದಗೋಳದ ಮೇಲಿನ ರೈಲಿಗೆ ಜೋಡಿ ಹಳಿ ಹಾಕುವಾಗ ಇಲ್ಲಿಯ ಗರಸು ಮಣ್ಣು ಬಗೆದು ಒಯ್ದರು. ಬಗೆದವರು ತಿರುಗಿ ನೋಡಲಿಲ್ಲ. ಮಳೆಗಾಲದಲ್ಲಿ ಅದರಲ್ಲಿ ಎಮ್ಮೆ ಬೀಳುತ್ತಿದ್ದವು, ಬೇಸಿಗೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹೋದ ವರ್ಷದ ಬೇಸಿಗೆಯಲ್ಲಿ ಹಾಲಿನ ಟ್ಯಾಂಕರಿನಂತಹ ಗುಂಡು ಹೊಟ್ಟೆಯ ಲಾರಿಗಳು ಬರತೊಡಗಿದವು. ಅವುಗಳಿಂದ ಇಳಿದದ್ದು ಹಾಲಲ್ಲ, ಬೂದಿ. ಅಂಬಾರ ಬೂದಿ. ಮೂಡಣ ದಿಕ್ಕಿಗೆ ನಾಲ್ಕೈದು ತಾಸಿನ ದಾರಿಯಲ್ಲಿ ಆ ಕಾರ್ಖಾನೆ ಇದೆ ಎಂದರು. ಈ ಊರಿನವರು ಅದರ ಚಿಮಣಿ ನೋಡಿಲ್ಲ, ಅದರ ಹೊಗೆ ಕುಡಿದಿಲ್ಲ. ಆದರೆ ಸುಟ್ಟ ಕಲ್ಲಿದ್ದಲಿನ ಬೂದಿ ಎಲ್ಲಿಗಾದರೂ ಹೋಗಬೇಕಲ್ಲ. ಒಂದು ಚಿಟಿಕೆಯೂ ಉಳಿಯದಂತೆ ಎಲ್ಲ ಬೂದಿಯನ್ನೂ ಬಳಸಿದ್ದೇವೆ ಎಂದು ಕಾರ್ಖಾನೆಯವರು ತೋರಿಸಬೇಕಂತೆ. ಇಟ್ಟಂಗಿಗೆ ಕೊಟ್ಟರೆ ಅದು ಬಳಕೆ, ಸಿಮೆಂಟಿಗೆ ಕೊಟ್ಟರೆ ಬಳಕೆ, ಬಡವರ ಹಿತ್ತಿಲ ತಗ್ಗಿಗೆ ಸುರಿದರೆ ಅದೂ ಬಳಕೆ. ಮೇಲೆ ದಪ್ಪಗೆ ಮಣ್ಣು ಮುಚ್ಚುತ್ತೇವೆ ಎಂದು ಮಾತು ಕೊಟ್ಟಿದ್ದರು. ತಗ್ಗು ತುಂಬಿತು, ಲಾರಿ ನಿಂತವು, ಮಣ್ಣು ಬರಲಿಲ್ಲ.

ಈ ಬೂದಿಗೂ ದುರಗವ್ವನಿಗೂ ಗಂಟು ಬಿದ್ದದ್ದು ಬೀಜದ ದೆಸೆಯಿಂದ.

ಆ ಓಣಿಯಲ್ಲಿ ಹದಿನೆಂಟು ಮನೆ. ಒಂದೊಂದಕ್ಕೆ ಎಕರೆ, ಅರ್ಧ ಎಕರೆ ಎರೆ ಹೊಲ. ಮುಂಗಾರಿಗೆ ಎಲ್ಲರೂ ಬಿತ್ತುವುದು ಒಂದೇ ತಳಿ, ಸಣ್ಣ ಕಾಳಿನ ಗಿಡ್ಡ ಹೆಸರು. ಅದರ ಬೀಜ ಕಾಯುವ ಕೆಲಸ ದುರಗವ್ವನ ಮನೆಯದು. ಮೊದಲು ಅವಳ ಅತ್ತೆ ಕಾದಳು, ಮೂವತ್ತು ವರ್ಷದಿಂದ ಇವಳು. ಹೆಸರು ಬಿಡಿಸಿದ ಮೇಲೆ ಪ್ರತಿ ಮನೆಯವರೂ ಒಳ್ಳೆಯ ಕಾಳು ಆರಿಸಿ ತಂದು ಇವಳ ದೊಡ್ಡ ಮಣ್ಣಿನ ಹರವಿಗಳಿಗೆ ಸುರಿಯುತ್ತಾರೆ. ಇವಳು ಬೂದಿ ಬೆರೆಸಿ, ಬಾಯಿಗೆ ಸಗಣಿ ಮೆತ್ತಿ, ಮೂಲೆಯಲ್ಲಿ ಸಾಲಾಗಿ ನಿಲ್ಲಿಸುತ್ತಾಳೆ. ಮೊದಲ ಹದ ಮಳೆ ಬಿದ್ದಾಗ ಬಾಯಿ ಒಡೆದು, ಅಳೆದು ಕೊಡುತ್ತಾಳೆ. ಬೀಜ ಇಸಿದುಕೊಂಡವರು ಸೆರಗಿಗೆ ಗಂಟು ಹಾಕುವ ಮುನ್ನ ಮೂರು ಕಾಳು ತೆಗೆದು ಹರವಿಗೆ ಮರಳಿ ಹಾಕಬೇಕು. ಕೊಟ್ಟವಳ ಹರವಿ ಬರಿದಾಗಬಾರದು ಎಂದು. ಮೂವತ್ತು ವರ್ಷ ಜನ ಆ ಮೂರು ಕಾಳನ್ನು ದುರಗವ್ವನ ಹರವಿಗೆ ಹಾಕಿದ್ದಾರೆ. ಬೇರೆಲ್ಲಿ ಯಾರು ಅವಳಿಗೆ ಏನು ಬೆಲೆ ಕೊಟ್ಟರೋ ಬಿಟ್ಟರೋ, ಆ ದಿನ ಅವಳ ಹೊಸ್ತಿಲ ಮುಂದೆ ಎಲ್ಲರೂ ತಲೆ ಬಾಗಿಸಿ ನಿಲ್ಲುತ್ತಿದ್ದರು. ಮನೆಯಲ್ಲಿ ತಿನ್ನುವ ಕಾಳನ್ನು ಹೇಗೆ ಇಡಬೇಕು ಎಂಬುದಕ್ಕೂ ಅವಳ ಮಾತೇ ಕಡೆಯ ಮಾತು.

ಎಲ್ಲ ಸರಿ, ಆದರೆ ಬೂದಿ? ಮನೆಮನೆಗೆ ಗ್ಯಾಸು ಬಂತು. ಸಗಣಿಯ ಕುಳ್ಳು ತಟ್ಟುವವರು ಇಲ್ಲ, ತಟ್ಟಲು ಎಮ್ಮೆಯೂ ಇಲ್ಲ. ಒಲೆ ಕಿತ್ತು ಆ ಜಾಗಕ್ಕೆ ಫರ್ಸಿಕಲ್ಲು ಹಾಕಿಸಿಕೊಂಡರು. ವರ್ಷದಿಂದ ವರ್ಷಕ್ಕೆ ದುರಗವ್ವ ಬೂದಿಗಾಗಿ ಬುಟ್ಟಿ ಹಿಡಿದು ಅಲೆಯುವ ಪಾಳಿ ಬಂತು. ಹೋದ ವರ್ಷ ಹೆಸರು ಬಿಡಿಸುವ ಹೊತ್ತಿಗೆ ಹಿತ್ತಿಲಲ್ಲಿ ಎರಡು ಎಕರೆ ಬೂದಿ ಬಿದ್ದಿತ್ತು. ಜರಡಿ ಹಿಡಿಯುವ ಕೆಲಸವಿಲ್ಲ, ಕೂಸಿಗೆ ಹಚ್ಚುವ ಪೌಡರಿನಷ್ಟು ನಯ. ಅವಳು ಒಂದು ಬುಟ್ಟಿ ತುಂಬಿಕೊಂಡು ಬಂದು ಹರವಿಗೆ ಹಾಕಿದಳು. ಕೇಳಿದವರಿಗೆಲ್ಲ ಹಾಕಿರೆಂದಳು. ಅವಳ ಮನೆಯೂ ಸೇರಿ ಹದಿನೇಳು ಮನೆಯವರು ತಿನ್ನುವ ಕಾಳಿಗೂ ಹಾಕಿದರು.

ಹಾಕದೆ ಉಳಿದದ್ದು ಒಂದೇ ಮನೆ, ಬಾಜು ಮನೆಯ ಶಮೀಮಾಬಿಯದು. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು. ನಳದ ಮುಂದೆ ಎಲ್ಲರೂ ಕೊಡ ಇಟ್ಟುಕೊಂಡು ನಿಂತಾಗ ಶಮೀಮಾಬಿ ಅಂದಳು, "ಕಲ್ಲಿದ್ದಲ ಅಂದ್ರ ಕುಳ್ಳಲ್ಲಬೇ ದುರಗಿ. ನೆಲದಾಗಿನ ಕಲ್ಲದು. ಕಲ್ಲ ಸುಟ್ಟ ಬೂದಿ ನನಗ ಬ್ಯಾಡ."

"ಬೆಂಕ್ಯಾಗ ಬಿದ್ದು ಬಂದದ್ದಕ್ಕ ದೋಷ ಎಲ್ಲೀದು?" ಎಂದಳು ದುರಗವ್ವ. "ನಮ್ಮದು ಸಣ್ಣ ಒಲಿ, ಅವರದು ದೊಡ್ಡ ಒಲಿ. ಬೂದಿ ಬೂದಿನ."

ಅಷ್ಟಕ್ಕೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳ ಬಾಯಿ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. ಪ್ರತಿ ವರ್ಷ ತನ್ನ ತೊಗರಿಗೆ ನುಸಿ ಹಿಡಿಸಿ ಕೋಳಿಗೆ ಚೆಲ್ಲುವವಳು ನನಗೆ ಬೂದಿಯ ಪಾಠ ಹೇಳಲು ಬಂದಳು ಎಂದು ಎಲ್ಲರೆದುರು ಛೀಮಾರಿ ಹಾಕಿದಳು. ಹೆಂಗಸರು ನಕ್ಕರು. ಶಮೀಮಾಬಿ ಖಾಲಿ ಕೊಡ ಎತ್ತಿಕೊಂಡು ಮನೆಗೆ ಹೋದಳು. ಆ ವರ್ಷ ಬೀಜವನ್ನೂ ತಂದು ಸುರಿಯಲಿಲ್ಲ. ಅಂದಿನಿಂದ ಎಂಟು ತಿಂಗಳು ಎರಡು ಮನೆಗಳ ನಡುವಿನ ಗೋಡೆಯ ಮೇಲಿಂದ ಒಂದು ಮಾತು ದಾಟಲಿಲ್ಲ.

ಖರೆ ಹೇಳಬೇಕೆಂದರೆ ತಪ್ಪಾದದ್ದು ದುರಗವ್ವ ಪರೀಕ್ಷೆ ಮಾಡದೆ ಹಾಕಿದ್ದರಲ್ಲಿ. ಬೂದಿಯ ಪರೀಕ್ಷೆ ಅವಳ ಅತ್ತೆ ಕಲಿಸಿದ್ದು. ಚಿಟಿಕೆ ನಾಲಗೆಗೆ ಹಚ್ಚಿದರೆ ಉಪ್ಪುಪ್ಪಾಗಿರಬೇಕು. ನೀರಲ್ಲಿ ಹಿಸುಕಿದರೆ ಸೋಪು ಹಚ್ಚಿದಂತೆ ಬೆರಳು ಜಾರಬೇಕು. ಬೋಗುಣಿಗೆ ಹಾಕಿದರೆ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗಬೇಕು. ಆಗ ಅದು ಕಾಳಿಗೆ ಹಾಕುವ ಬೂದಿ. ಅಷ್ಟೊಂದು ಬೂದಿ ಒಮ್ಮೆಲೇ ಕಂಡ ಸಂಭ್ರಮದಲ್ಲಿ ಅವಳು ನಾಲಗೆಗೆ ಹಚ್ಚಲಿಲ್ಲ, ನೀರಿಗೆ ಹಾಕಲಿಲ್ಲ.

ಅದು ಗೊತ್ತಾದದ್ದು ಯುಗಾದಿಯ ಹಿಂದಿನ ದಿನ. ಮಹಾಲಕ್ಷ್ಮಿ ಹೆತ್ತು ಮೂರು ವಾರ. ಅವಳ ಸಾರಿಗೆಂದು ಅಡುಗೆಮನೆಯ ಗಡಿಗೆಯಿಂದ ಹೆಸರು ತೆಗೆದು ದುರಗವ್ವ ಬಿಸಿಲಿನಲ್ಲಿ ಕುಳಿತು ತೊಳೆಯುತ್ತಿದ್ದಳು. ಅಲ್ಲಿಯವರೆಗೆ ಮನೆಯೊಳಗಿನ ಕತ್ತಲಲ್ಲಿ ತೊಳೆದವಳು ಅಂದೇ ಹೊರಗೆ ಬಂದದ್ದು. ನೀರಿನ ಮೇಲೆ ಬೆಳ್ಳನೆಯ ಕೆನೆ ಕಟ್ಟಿತ್ತು. ಬೂದಿ ತೇಲುತ್ತಿತ್ತು. ಚೆಲ್ಲಿ ಮತ್ತೆ ತೊಳೆದಳು, ಮತ್ತೆ ತೇಲಿತು. ಏಳು ನೀರು ಆಯಿತು. ಬೆರಳಿಗೆ ಹತ್ತಿದ್ದನ್ನು ಬಿಸಿಲಿಗೆ ಹಿಡಿದಳು, ಸಣ್ಣಗೆ ಮಿನುಗಿತು. ಎದ್ದು ಹಿತ್ತಿಲಿಗೆ ಹೋಗಿ ತಗ್ಗಿನ ಬೂದಿ ಒಂದು ಚಿಟಿಕೆ ನಾಲಗೆಗೆ ಹಚ್ಚಿಕೊಂಡಳು. ಉಪ್ಪಿಲ್ಲ, ಸಪ್ಪೆ. ಚಿಕ್ಕಂದಿನಲ್ಲಿ ಶಾಲೆಯ ಪಾಟಿ ನೆಕ್ಕಿದ ಹಾಗೆ. ಎರಡು ಬೆರಳ ನಡುವೆ ತಿಕ್ಕಿದರೆ ಜಾರಲಿಲ್ಲ, ಕರಕರ ಎಂದಿತು.

ಕಲ್ಲೇ, ಅಂದುಕೊಂಡಳು.

ಮರುದಿನ ಹಬ್ಬ. ಹೋಳಿಗೆಯ ದಿನ ಓಣಿಗೆಲ್ಲ ಇಂಥ ಮಾತು ಹೇಳುವುದು ಹೇಗೆ ಎಂದು ತಡೆದಳು. ಹಬ್ಬ ಮುಗಿಯಿತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಎಂಟು ದಿನ ಹೋದವು. ಯಾರಿಗೂ ಹೊಟ್ಟೆ ನೋಯಲಿಲ್ಲ, ಯಾರೂ ವಾಂತಿ ಮಾಡಿಕೊಳ್ಳಲಿಲ್ಲ. ಏನೂ ಆಗದಿದ್ದ ಮೇಲೆ ಹೇಳಿ ಯಾಕೆ ಹುಯಿಲೆಬ್ಬಿಸಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಮಗಳಿಗೆ ಮತ್ತೆ ಆ ಗಡಿಗೆಯ ಕಾಳು ಬೇಯಿಸಲಿಲ್ಲ. ಬಸ್ಸು ಹತ್ತಿ ಕುಂದಗೋಳಕ್ಕೆ ಹೋಗಿ ಅಂಗಡಿಯಿಂದ ಎರಡು ಕಿಲೋ ಹೆಸರು ತಂದಳು. ತೀರಿದಾಗ ಮತ್ತೆ ತಂದಳು. ಓಣಿಯ ಉಳಿದ ಮನೆಗಳಲ್ಲಿ ಹುಡುಗರು ಅದೇ ಬೂದಿಯ ಕಾಳಿನ ಪಲ್ಯದೊಂದಿಗೆ ರೊಟ್ಟಿ ತಿನ್ನುತ್ತಿದ್ದರು. ಅವಳು ಅದನ್ನು ನೋಡುತ್ತಿದ್ದಳು.

ಹೀಗೆ ಎರಡು ತಿಂಗಳು.

ಮಂಗಳವಾರ ಟ್ರ್ಯಾಕ್ಟರುಗಳು ಬಂದವು. ವರ್ಷವಿಡೀ ಬರದ ಮಣ್ಣು ಒಂದೇ ದಿನದಲ್ಲಿ ಬಂದು ಬಿತ್ತು. ಸಿದ್ಧಲಿಂಗ ಕೊಡೆ ಹಿಡಿದು ನಿಂತು ಕೆಂಪು ಗರಸನ್ನು ಹರವಿಸಿದ. ಬುಧವಾರ ಮುಂಜಾನೆಯ ಹೊತ್ತಿಗೆ ತಗ್ಗು ಹೊಸದಾಗಿ ಸಾರಿಸಿದ ಅಂಗಳದಂತೆ ಕಾಣುತ್ತಿತ್ತು. ದುರಗವ್ವನ ಗಂಡ ಹನಮಪ್ಪ ಅದನ್ನು ನೋಡಿ ಬಂದು, ಕನ್ಯಾ ನೋಡುವವರು ಬರುತ್ತಾರೆಂದು ಮುದುಕಿಗೆ ಹೊಸ ಸೀರೆ ಉಡಿಸಿದ್ದಾರೆ ಎಂದು ನಕ್ಕ. ದುರಗವ್ವ ನಗಲಿಲ್ಲ. ಮೂವತ್ತು ವರ್ಷದಲ್ಲಿ ಅವಳ ಮುಖ ಓದುವುದನ್ನು ಕಲಿತ ಹನಮಪ್ಪ, ಏನಾಯಿತು ಎಂದು ಕೇಳಿದ. ಅವಳು ಹೇಳಿದಳು. ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಹನಮಪ್ಪ ತಲೆಯ ಮೇಲಿನ ವಸ್ತ್ರ ತೆಗೆದು ಮಡಚಿದ, ಬಿಚ್ಚಿದ, ಮಡಚಿದ. ಆಮೇಲೆ, ಸಾಹೇಬರೆದುರು ಸುಮ್ಮನೆ ನಿಂತು ಬಂದರೂ ನಡೆಯುತ್ತದೆ, ಯಾರೂ ಕೇಳುವುದಿಲ್ಲ ಎಂದ. ಅದು ಖರೆಯೇ. ಸುಮ್ಮನಿದ್ದರೆ ಬೀಜ ಕೊಡುವ ದಿನ ಎಂದಿನಂತೆ ಬರುತ್ತದೆ, ಮೂರು ಕಾಳು ಎಂದಿನಂತೆ ಹರವಿಗೆ ಬೀಳುತ್ತವೆ. ಹೇಳಿದರೆ ಇನ್ನು ಆ ಹೊಸ್ತಿಲಿಗೆ ಯಾರು ಬಂದಾರು?

ಅವಳು ಎದ್ದು ಬೋಗುಣಿ ತೆಗೆದುಕೊಂಡು ಶಮೀಮಾಬಿಯ ಹಿತ್ತಿಲಿಗೆ ಹೋದಳು.

ಓಣಿಯಲ್ಲಿ ಇನ್ನೂ ಒಲೆ ಉರಿಯುವುದು ಅಲ್ಲಿ ಮಾತ್ರ. ಜಳಕದ ನೀರು ಕಾಯಿಸಲು ಶಮೀಮಾಬಿ ಕಟ್ಟಿಗೆ, ಹತ್ತಿಕಟಗಿ, ಸಿಕ್ಕಷ್ಟು ಕುಳ್ಳು ಒಟ್ಟುತ್ತಾಳೆ. ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತವಳು ಬಂದವರಾರೆಂದು ತಿಳಿದೂ ತಿರುಗಲಿಲ್ಲ.

"ಒಂದು ಬೊಗಸಿ ಬೂದಿ ಬೇಕಾಗಿತ್ತು," ಎಂದಳು ದುರಗವ್ವ.

"ಯಾಕ, ನಿನ್ನ ದೊಡ್ಡ ಒಲಿ ಆರಿತೇನ?"

ದುರಗವ್ವನ ಬಾಯಿಗೆ ಬಂದದ್ದು ಹಲ್ಲಿನವರೆಗೆ ಬಂದು ನಿಂತಿತು. ಅದನ್ನು ನುಂಗಿದಳು. ಶಮೀಮಾಬಿ ಕೊಳ್ಳಿ ಮುಂದಕ್ಕೆ ದೂಡಿ, ಅದೇ ದನಿಯಲ್ಲಿ ಕೇಳಿದಳು, "ಅಂಗಡಿ ಹೆಸರು ಎಂದಿನಿಂದ ತರಾಕ ಹತ್ತೀದಿ?"

"ಯುಗಾದಿಯಿಂದ."

"ಮತ್ತ ಓಣ್ಯಾಗಿನ ಹುಡುಗರಿಗೆ?"

ದುರಗವ್ವ ಬೋಗುಣಿಯನ್ನು ಮುಂದೆ ಹಿಡಿದಳು. ಶಮೀಮಾಬಿ ಎದ್ದು, ಒಲೆಯ ಬಾಯಿಂದ ಬೂದಿ ಗೋರಿ, ತಣ್ಣಗಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ, ಬೋಗುಣಿಗೆ ಹಾಕಿದಳು. ಬಸ್ಸಿನಲ್ಲಿ ನಿನ್ನ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ, ಚೀಲ ನೋಡಿದೆ, ತಿಳಿದುಕೊಂಡೆ ಎಂದಳು. ಆಮೇಲೆ ಅವಳ ದನಿ ಸ್ವಲ್ಪ ಇಳಿಯಿತು.

"ನಾನೂ ಸುಮ್ಮನಿದ್ನಿ, ದುರಗಿ. ನೀ ಮತ್ತ ನಾಕು ಮಂದ್ಯಾಗ ಬೈತಿ ಅಂತ. ನಿನ್ನ ಬಾಯಿಗೆ ಅಂಜಿ ಎರಡು ತಿಂಗಳ ಆ ಹುಡುಗರ ತಾಟು ನೋಡ್ಕೋತ ಕುಂತೀನಿ."

ಬೈದರೆ ತಡೆದುಕೊಳ್ಳಬಹುದಿತ್ತು. ದುರಗವ್ವ ಬೋಗುಣಿ ಎದೆಗೆ ಅವಚಿಕೊಂಡು ಹಿಂದಿರುಗಿದಳು.

ಗುರುವಾರ ಹತ್ತು ಗಂಟೆಗೆ ಜೀಪು ಬಂತು. ಸಾಹೇಬ ಎಂದರೆ ಓಣಿಯವರು ಹೊಟ್ಟೆ ಮುಂದೆ ಬಂದ ಯಾರನ್ನೋ ಎಣಿಸಿದ್ದರು. ಇಳಿದವನು ಮೂವತ್ತರ ಆಸುಪಾಸಿನ ತೆಳ್ಳನೆಯ ಹುಡುಗ, ಹೆಸರು ಸರ್ಫರಾಜ್, ಅಣ್ಣಿಗೇರಿ ಕಡೆಯವನು. ಕೈಯಲ್ಲಿ ಪಾಟಿಯಂಥ ಒಂದು ಫೋನು, ಹೆಗಲಿಗೆ ಕಬ್ಬಿಣದ ಸಲಾಕೆ. ಸಿದ್ಧಲಿಂಗ ಹಾರ ತರಿಸಿದ್ದ, ಅವನು ಕೊರಳಿಗೆ ಹಾಕಿಸಿಕೊಳ್ಳಲಿಲ್ಲ. ಕುರ್ಚಿ ಕೊಟ್ಟರೆ ಕೂಡಲಿಲ್ಲ. ತಗ್ಗಿನ ಮೇಲೆಲ್ಲ ನಡೆದಾಡಿ ಹತ್ತು ಕಡೆ ಸಲಾಕೆ ಊರಿದ. ಪ್ರತಿ ಸಲವೂ ಸಲಾಕೆ ನಾಲ್ಕು ಬೆರಳು ಕೆಂಪು ದಾಟಿ ಬೂದಿಗೆ ಸರಕ್ಕನೆ ಇಳಿಯಿತು. ಪ್ರತಿ ಸಲವೂ ಅವನು ಬರೆದುಕೊಂಡ. ಸಿದ್ಧಲಿಂಗ ಬೆವರು ಒರೆಸಿಕೊಂಡ.

ಸಾಹೇಬನ ಗಮನ ಬೇರೆಡೆ ತಿರುಗಿಸಲೆಂದೇ ಸಿದ್ಧಲಿಂಗ ದುರಗವ್ವನನ್ನು ಮುಂದಕ್ಕೆ ಕರೆದದ್ದು. ಈ ಓಣಿಯ ಜನ ಬೂದಿಯನ್ನು ಎಷ್ಟು ಉಪಯೋಗ ಮಾಡಿಕೊಂಡಿದ್ದಾರೆ ನೋಡಿರಿ, ಬೀಜಕ್ಕೆ ಹಾಕುತ್ತಾರೆ, ಮನೆಯ ಕಾಳಿಗೆ ಹಾಕುತ್ತಾರೆ ಎಂದು ಹೆಮ್ಮೆಯಿಂದ ವಿವರಿಸಿದ. ಸರ್ಫರಾಜ್ ಬರೆಯುತ್ತಿದ್ದ ಕೈ ನಿಲ್ಲಿಸಿ ತಲೆ ಎತ್ತಿದ. ತಿನ್ನುವ ಕಾಳಿಗೇ ಎಂದು ಕೇಳಿದ. ಹೌದು ಹೌದು ಎಂದ ಸಿದ್ಧಲಿಂಗ.

ಓಣಿಯ ಹೆಂಗಸರು, ಗಂಡಸರು, ಹುಡುಗರೆಲ್ಲ ಬೇವಿನ ಗಿಡದ ನೆರಳಿಗೆ ಸೇರಿದ್ದರು. ಶಮೀಮಾಬಿ ಕೊನೆಗೆ ನಿಂತಿದ್ದಳು. ದುರಗವ್ವ ಮುಂದೆ ಬಂದಳು. ಹಿಂದೆ ಹನಮಪ್ಪ, ಕೈಯಲ್ಲಿ ನೀರು ತುಂಬಿದ ಎರಡು ಬೋಗುಣಿ. ಅರ್ಧ ನೀರು ಧೋತರದ ಮೇಲೆ ಚೆಲ್ಲಿತ್ತು. ಅವಳು ಎರಡನ್ನೂ ಬಿಸಿಲಿಗೆ ಇಡಿಸಿ, ಸೆರಗಿನ ಒಂದು ಗಂಟು ಬಿಚ್ಚಿ ಒಂದಕ್ಕೆ ಸುರಿದಳು, ಇನ್ನೊಂದು ಗಂಟು ಬಿಚ್ಚಿ ಇನ್ನೊಂದಕ್ಕೆ.

"ಸಾಹೇಬ್ರ, ಇದು ನಮ್ಮ ಬಾಜು ಮನಿ ಒಲಿ ಬೂದಿ. ಇದು ಈ ತಗ್ಗಿಂದು. ನೋಡ್ರಿ."

ಎಲ್ಲರೂ ಬಾಗಿ ನೋಡಿದರು. ಒಂದರಲ್ಲಿ ಬೂದಿ ಮೆಲ್ಲಗೆ ತಳಕ್ಕೆ ಇಳಿದು ನೀರು ತಿಳಿಯಾಗುತ್ತ ಬಂತು. ಇನ್ನೊಂದರಲ್ಲಿ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ ನಿಂತಿತು, ಮೇಲೆ ಬೆಳ್ಳನೆಯ ಕೆನೆ ಬಿಸಿಲಿಗೆ ಮಿನುಗುತ್ತ ತೇಲಿತು. ಒಬ್ಬ ಹುಡುಗ ಬೆರಳು ಅದ್ದಲು ಹೋದ, ಅವನ ತಾಯಿ ಹಿಂದಕ್ಕೆ ಎಳೆದಳು.

ದುರಗವ್ವ ಸಾಹೇಬನನ್ನು ಬಿಟ್ಟು ಓಣಿಯವರ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ. ಅವಳ ದನಿ ಏರದೆ ಇದ್ದದ್ದನ್ನು ಅವರು ಕೇಳಿದ್ದು ಅದೇ ಮೊದಲು.

"ಈ ಬೂದಿ ನಿಮ್ಮ ಮನ್ಯಾಗ ನಾನ ಹಾಕಿಸೀನಿ. ನಾಲಿಗಿಗೆ ಹಚ್ಚಿ ನೋಡದ ಹಾಕಿಸೀನಿ. ಯುಗಾದಿ ಹೊತ್ತಿಗೆ ಇದು ತೇಲೂದು ಕಂಡ್ನಿ, ಇದು ಕಲ್ಲು ಅಂತ ತಿಳೀತು. ಯಾರಿಗೂ ಹೇಳಲಿಲ್ಲ. ನನ್ನ ಮಗಳಿಗೆ ಮಾತ್ರ ಅಂಗಡಿ ಹೆಸರು ತಂದು ಬೇಯಿಸಿ ಹಾಕೀನಿ."

ತಿರಕಪ್ಪ ಮುಂದೆ ಬಂದ. ಓಣಿಯ ಹಿರಿಯ, ಮನೆಯಲ್ಲಿ ಐದು ಮೊಮ್ಮಕ್ಕಳು. ಆ ಮುದುಕ ದುರಗವ್ವನಿಗೆ ಎಂದೂ ಎದುರಾಡಿದವನಲ್ಲ.

"ನಿನ್ನ ಮಗಳ ಹೊಟ್ಟಿ ಹೊಟ್ಟಿ. ನನ್ನ ಮೊಮ್ಮಕ್ಕಳ ಹೊಟ್ಟಿ ಏನ ಈ ತಗ್ಗೇನವಾ?"

ದುರಗವ್ವ ತಲೆ ತಗ್ಗಿಸಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತು ಆ ಮಾತನ್ನು ಪೂರ್ತಿ ತೆಗೆದುಕೊಂಡಳು. ಗುಂಪಿನ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದ ಮಹಾಲಕ್ಷ್ಮಿ ಸೆರಗಿನಿಂದ ಕೂಸಿನ ಮುಖ ಮುಚ್ಚಿ ಮನೆಗೆ ನಡೆದಳು. ತನ್ನ ತಾಟಿಗೆ ಬಿದ್ದದ್ದು ಬೇರೆ ಕಾಳು ಎಂದು ಅವಳಿಗೂ ಆಗಲೇ ತಿಳಿದದ್ದು.

ಸರ್ಫರಾಜ್ ಫೋನನ್ನು ಕಂಕುಳಲ್ಲಿ ಇರುಕಿಕೊಂಡು ಬೋಗುಣಿಯ ಮುಂದೆ ಕುಳಿತ. ಈ ಫೋನಿನಲ್ಲಿ ನಾನು ಕೇಳಬೇಕಾದ ಪ್ರಶ್ನೆಗಳು ನೂರಕ್ಕೂ ಮೇಲಿವೆ, ಇದು ಒಂದರಲ್ಲೂ ಇಲ್ಲ ಎಂದು ತನಗೇ ಎಂಬಂತೆ ಅಂದ. ಆಮೇಲೆ ಎದ್ದು, ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದ.

"ಇದರಾಗ ವಿಷ ಐತಿ ಅಂತ ನಾ ಹೇಳೂದಿಲ್ರಿ, ಇಲ್ಲ ಅಂತನೂ ಹೇಳೂದಿಲ್ಲ. ಕಲ್ಲಿದ್ದಲ ಬೂದ್ಯಾಗ ಇರಬಾರದ್ದು ಇರಬಹುದು. ಬೂದಿ, ಕಾಳು ಎರಡೂ ಪರೀಕ್ಷಾಕ್ಕ ಒಯ್ತೀನಿ. ಕಾಗದ ಬರೂತನಕ ಒಂದ ಕಾಳೂ ತಿನ್ನಬ್ಯಾಡ್ರಿ."

ಬಿತ್ತಬಹುದೇ ಎಂದು ಯಾರೋ ಕೇಳಿದರು. ಅದೂ ತನಗೆ ಗೊತ್ತಿಲ್ಲ ಎಂದ. ಗೊತ್ತಿಲ್ಲ ಎನ್ನುವ ಸಾಹೇಬನನ್ನು ಆ ಓಣಿ ಅಂದೇ ಕಂಡದ್ದು. ಸಿದ್ಧಲಿಂಗ ಅವನನ್ನು ಪಕ್ಕಕ್ಕೆ ಕರೆದು, ಇದು ಹೆಂಗಸರ ಅಜ್ಞಾನ, ಇದಕ್ಕೂ ಕಾರ್ಖಾನೆಗೂ ಸಂಬಂಧವಿಲ್ಲ ಎಂದು ಪಿಸುಗುಟ್ಟಲು ಹೋದ. ಸರ್ಫರಾಜ್ ಜೋರಾಗಿಯೇ ಉತ್ತರ ಕೊಟ್ಟ. ಆಗಲೇ ದಪ್ಪಗೆ ಮಣ್ಣು ಮುಚ್ಚಿದ್ದರೆ ಇವರ ಬುಟ್ಟಿ ಬೂದಿಗೆ ಇಳಿಯುತ್ತಿರಲಿಲ್ಲ, ಅದು ಅಜ್ಞಾನವಲ್ಲ, ಅದು ನಿಮ್ಮ ನಾಲ್ಕು ಬೆರಳು ಗರಸು ಎಂದ.

ಹೊರಡುವ ಮುನ್ನ ದುರಗವ್ವ ಅವನನ್ನು ತಡೆದು ಕೇಳಿದಳು. ಇದರಿಂದ ಅವರಿಗೆ ಎಷ್ಟು ಮಾರ್ಕು ಹೋಗುತ್ತವೆ?

ಅವನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಚಿಮಣಿಗೆ ಬೇರೆ, ನೀರಿಗೆ ಬೇರೆ, ಎಲ್ಲದಕ್ಕೂ ಬೇರೆ ಬೇರೆ ಮಾರ್ಕು ಇವೆ ಎಂದ. ಬೂದಿಗೆ ಇರುವುದರಲ್ಲಿ ಈ ತಗ್ಗಿನ ಪಾಲು ನೂರಕ್ಕೆ ಒಂದೂವರೆ.

"ಒಂದೂವರಿ," ಎಂದಳು ದುರಗವ್ವ.

"ಹೌದ್ರಿ ಅಕ್ಕಾರ. ಆದ್ರ ಆ ಒಂದೂವರಿ ನಾ ಕೊಡೂದಿಲ್ಲ."

ಜೀಪು ಹೋಯಿತು. ಅಂದು ಮಧ್ಯಾಹ್ನದಿಂದ ಗಡಿಗೆಗಳು ಬರತೊಡಗಿದವು. ಯಾರೂ ಒಳಗೆ ಬರಲಿಲ್ಲ, ಯಾರೂ ಬೈಯಲೂ ಇಲ್ಲ. ಕಟ್ಟೆಯ ಮೇಲೆ ಇಟ್ಟು ಹಿಂದಿರುಗಿದರು. ಸಂಜೆಯ ಹೊತ್ತಿಗೆ ಹದಿನಾರು ಗಡಿಗೆ, ಡಬ್ಬಿ, ಪ್ಲಾಸ್ಟಿಕ್ ಡ್ರಮ್ಮು ಸಾಲಾಗಿ ನಿಂತವು. ದುರಗವ್ವ ಅವುಗಳನ್ನು ಒಂದೊಂದಾಗಿ ಒಳಗೆ ಒಯ್ದು, ಬೀಜದ ಹರವಿಗಳ ಪಕ್ಕ ಇಟ್ಟು, ಎಲ್ಲದರ ಬಾಯಿಗೂ ಮತ್ತೆ ಮೆತ್ತಿಗೆ ಹಾಕಿದಳು. ಚೆಲ್ಲೋಣವೆಂದರೆ ಎಲ್ಲಿ ಚೆಲ್ಲಬೇಕು? ಮಣ್ಣಿಗೆ ಚೆಲ್ಲಿದರೆ ತಗ್ಗು ತುಂಬಿದವರಿಗೂ ತನಗೂ ಏನು ಭೇದ? ಅಂಗಡಿಯಿಂದ ತಂದ ಉಳಿದ ಹೆಸರನ್ನು ತಿರಕಪ್ಪನ ಮನೆಗೆ ಕಳಿಸಿದಳು. ಅವರು ಅದನ್ನು ಹಾಗೆಯೇ ಹಿಂದಕ್ಕೆ ಕಳಿಸಿದರು. ಮಹಾಲಕ್ಷ್ಮಿ ಎರಡು ದಿನ ತಾಯಿಯ ಕೈಯಿಂದ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ.

ಸಾಹೇಬ ಬಂದು ಹೋದ ಹನ್ನೆರಡನೆಯ ದಿನ ರೋಹಿಣಿ ಮಳೆ ಬಂತು. ಹದವಾಗಿ ಬಂತು. ಪರೀಕ್ಷೆಯ ಕಾಗದ ಬಂದಿರಲಿಲ್ಲ. ಹೊಲಕ್ಕೆ ಬೇಕಾದ ಬೀಜವನ್ನು ಜನ ಕುಂದಗೋಳದ ರೈತ ಸಂಪರ್ಕ ಕೇಂದ್ರದಿಂದ ಚೀಲದಲ್ಲಿ ತಂದಿದ್ದರು. ಆದರೆ ಅದು ಓಣಿಯ ಗಿಡ್ಡ ಹೆಸರಲ್ಲ. ಆ ತಳಿ ಬೂದಿ ಮುಟ್ಟದೆ ಉಳಿದದ್ದು ಒಂದೇ ಒಂದು ಗಡಿಗೆಯಲ್ಲಿ, ಶಮೀಮಾಬಿಯ ಮನೆಯಲ್ಲಿ, ಒಲೆಯ ಬೂದಿ ಮತ್ತು ಬೇವಿನ ಎಲೆಯ ನಡುವೆ.

ಮಳೆ ನಿಂತ ಮುಂಜಾನೆ ಶಮೀಮಾಬಿ ಆ ಗಡಿಗೆಯನ್ನು ತನ್ನ ಹೊಸ್ತಿಲ ಮೇಲೆ ಇಟ್ಟುಕೊಂಡು ಕುಳಿತಳು. ಮನೆಗೆ ಒಂದು ಪಾವು. ಒಂದು ಪಾವಿನಲ್ಲಿ ಹೊಲ ಆಗುವುದಿಲ್ಲ, ನಾಲ್ಕು ಸಾಲು ಆಗುತ್ತವೆ. ನಾಲ್ಕು ಸಾಲು ಉಳಿದರೆ ತಳಿ ಉಳಿಯುತ್ತದೆ. ಜನ ಒಬ್ಬೊಬ್ಬರಾಗಿ ಬಂದು ಇಸಿದುಕೊಂಡು, ಮೂರು ಕಾಳು ಮರಳಿ ಹಾಕಿ ಹೋದರು. ದುರಗವ್ವ ತನ್ನ ಬಾಗಿಲ ಸಂದಿಯಿಂದ ಅದನ್ನು ನೋಡುತ್ತ ನಿಂತಿದ್ದಳು. ಹದಿನಾರನೆಯವರು ಹೋದ ಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

ಹನಮಪ್ಪ, ನಾನು ಹೋಗಿ ತರಲೇ ಎಂದ. ಬೇಡ ಎಂದಳು.

ಹತ್ತು ಹೆಜ್ಜೆಯ ದಾರಿ. ತಿರಕಪ್ಪ ತನ್ನ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ. ಅವಳು ಶಮೀಮಾಬಿಯ ಹೊಸ್ತಿಲ ಮುಂದೆ ನಿಂತು, ಮೂವತ್ತು ವರ್ಷ ಬೇರೆಯವರು ತನ್ನ ಮುಂದೆ ನಿಂತ ಹಾಗೆಯೇ ಬಾಗಿ, ಸೆರಗು ಒಡ್ಡಿದಳು. ಶಮೀಮಾಬಿ ಪಾವು ತುಂಬಿ, ಮೇಲೆ ಕೈಯಾಡಿಸಿ ಸಮ ಮಾಡಿ, ಸುರಿದಳು. ಎಲ್ಲರಿಗೆ ಕೊಟ್ಟಷ್ಟೇ, ಹೆಚ್ಚಲ್ಲ ಕಡಿಮೆಯಲ್ಲ.

ದುರಗವ್ವ ಗಂಟು ಕಟ್ಟಲು ಹೋದವಳು ನಿಂತಳು. ಕಾಳಿನ ಜೊತೆ ಬಂದಿದ್ದ ಬೂದಿಯನ್ನು ಬೆರಳ ತುದಿಗೆ ಹಚ್ಚಿಕೊಂಡು ನಾಲಗೆಗೆ ಇಟ್ಟಳು. ಉಪ್ಪುಪ್ಪಾಗಿತ್ತು. ಶಮೀಮಾಬಿ ಅದನ್ನು ನೋಡಿದಳು.

ಆಮೇಲೆ ದುರಗವ್ವ ಸೆರಗಿನಿಂದ ಮೂರು ಕಾಳು ಆರಿಸಿ, ಒಂದೊಂದಾಗಿ, ಆ ಗಡಿಗೆಗೆ ಮರಳಿ ಹಾಕಿದಳು.